ಚಂಡಮಾರುತ ಹೋಗಿ ಹನ್ನೊಂದು ತಿಂಗಳಾಯಿತು, ನಮ್ಮ ಬ್ಯಾಗ್ ಇನ್ನೂ ಬಾಗಿಲ ಬಳಿಯೇ ಇದೆ

ಕೊಲ್ಲಿ_ಕಡೆಯವಳು:

ಎಲ್ಲರಿಗೂ ನಮಸ್ಕಾರ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ, ಇಲ್ಲಿ ಹೇಳಿಬಿಡುತ್ತೇನೆ.

ನಾವಿರುವುದು ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಟ್ಯಾಂಪಾ ಕೊಲ್ಲಿಯ ಪಕ್ಕ. ನಾನು, ನನ್ನ ಗಂಡ, ಏಳು ವರ್ಷದ ಮಗ. ಊರು ಮೈಸೂರು. ನಮ್ಮ ಮನೆ ಎ ಝೋನ್‌ನಲ್ಲಿದೆ. ಅಂದರೆ ಚಂಡಮಾರುತ ಬರುತ್ತದೆ ಅಂದಾಗ ಮೊದಲು ಮನೆ ಬಿಡಿ ಅಂತ ಹೇಳುವುದು ನಮಗೇ.

ಹೋದ ವರ್ಷ ಎರಡು ವಾರದೊಳಗೆ ಎರಡು ಸಲ ಮನೆ ಬಿಟ್ಟು ಓಡಿದೆವು. ಮೊದಲು ಹೆಲೀನ್. 2024ರ ಸೆಪ್ಟೆಂಬರ್ 26ರ ರಾತ್ರಿ ಅದು ನೆಲ ಮುಟ್ಟಿದ್ದು ಪೆರಿ ಅನ್ನುವ ಊರಿನ ಹತ್ತಿರ, ನಮ್ಮಿಂದ ನೂರು ಮೈಲಿಗೂ ಆಚೆ. ಅಷ್ಟು ದೂರ ಅಲ್ವಾ ಅಂತ ಒಂದು ರಾತ್ರಿಗೆ ಬೇಕಾದಷ್ಟೇ ಬಟ್ಟೆ ತುಂಬಿಕೊಂಡು ಲೇಕ್‌ಲ್ಯಾಂಡ್‌ನಲ್ಲಿರುವ ಸ್ನೇಹಿತರ ಮನೆಗೆ ಹೋದೆವು. ಗಾಳಿ ನಮ್ಮ ಕಡೆ ಏನೂ ಮಾಡಲಿಲ್ಲ. ಸಮುದ್ರ ಮಾಡಿತು. ಬೆಳಿಗ್ಗೆ ಪಕ್ಕದ ಬೀದಿಯವರು ವಿಡಿಯೊ ಕಳಿಸಿದರು, ನಮ್ಮ ಗ್ಯಾರೇಜ್ ಬಾಗಿಲಿನ ಅರ್ಧಕ್ಕೆ ನೀರು. ಮನೆಯೊಳಗೆ ಎರಡೂವರೆ ಅಡಿ ಉಪ್ಪುನೀರು ನಿಂತಿತ್ತು.

ಇನ್ನೊಂದು ವಾರಕ್ಕೆ ನವರಾತ್ರಿ ಇತ್ತು. ಗೊಂಬೆ ಡಬ್ಬಗಳು ವರ್ಷವಿಡೀ ಮೇಲಿನ ಶೆಲ್ಫ್‌ನಲ್ಲಿ ಇರುತ್ತವೆ. ಒರೆಸಿ ಇಡೋಣ ಅಂತ ಹಿಂದಿನ ಭಾನುವಾರ ನಾನೇ ಕೆಳಗೆ ಇಳಿಸಿ ಗ್ಯಾರೇಜ್ ನೆಲದ ಮೇಲೆ ಸಾಲಾಗಿ ಇಟ್ಟಿದ್ದೆ. ಹೊರಡುವಾಗ ಅದರ ಪಕ್ಕದಲ್ಲೇ ನಡೆದು ಹೋಗಿ ಕಾರು ಹತ್ತಿದ್ದೇನೆ. ಮಣ್ಣಿನ ಗೊಂಬೆಗಳು ಕರಗಿ ಕೆಸರಾಗಿದ್ದವು. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು ಮರದವು, ಅವು ಊದಿಕೊಂಡು ಬಣ್ಣ ಎದ್ದುಹೋಗಿ ರಾಜನಿಗೆ ಒಂದು ಕಡೆ ಮುಖವೇ ಇರಲಿಲ್ಲ.

ಆಮೇಲೆ ಹದಿಮೂರನೇ ದಿನಕ್ಕೆ ಮಿಲ್ಟನ್. ಅಷ್ಟರಲ್ಲಿ ನಮ್ಮ ಸೋಫಾ, ಹಾಸಿಗೆ, ಕತ್ತರಿಸಿ ತೆಗೆದ ಡ್ರೈವಾಲ್ (ಗೋಡೆಯ ಹಲಗೆ) ಎಲ್ಲಾ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಬೀದಿಯ ತುಂಬ ಎಲ್ಲರದೂ ಹಾಗೇ. ಗಾಳಿಗೆ ಆ ರಾಶಿಯೇ ಹಾರಿಬಂದು ಹೊಡೆಯುತ್ತದೆ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಮಿಲ್ಟನ್ ಕಡಲಲ್ಲಿ ಅತಿ ಜೋರಿನ ಐದನೇ ದರ್ಜೆಗೆ ಏರಿದ ದಿನ ನಾವು ಅಟ್ಲಾಂಟಾ ಕಡೆಗೆ ಹೊರಟೆವು. ಏಳೆಂಟು ಗಂಟೆಯ ದಾರಿ, ಹದಿನಾರು ಗಂಟೆ ಹಿಡಿಯಿತು. ಬಂಕ್‌ಗಳಲ್ಲಿ ಪೆಟ್ರೋಲ್ ಇಲ್ಲ. ಮಗ ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದ, ನಮ್ಮ ಮನೆ ಎಲ್ಲಿಗೆ ಹೋಗುತ್ತದೆ ಅಂತ.

ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ನಾವಂದುಕೊಂಡಿದ್ದಕ್ಕಿಂತ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ನೆಲ ಮುಟ್ಟಿತು. ನಮ್ಮ ಕೊಲ್ಲಿಯ ನೀರು ಏರುವ ಬದಲು ಹಿಂದಕ್ಕೆ ಸರಿದುಹೋಯಿತು. ಟ್ರಾಪಿಕಾನಾ ಸ್ಟೇಡಿಯಂನ ಚಾವಣಿ ಹರಿದುಹೋಯಿತು, ಊರಲ್ಲಿ ಹದಿನೆಂಟು ಇಂಚು ಮಳೆ ಬಿತ್ತು, ಆದರೆ ನಮ್ಮ ಮನೆಯೊಳಗೆ ಮತ್ತೆ ನೀರು ಬರಲಿಲ್ಲ. ಎಲ್ಲರೂ ಫೋನ್ ಮಾಡಿ ಪುಣ್ಯವಂತರು ನೀವು ಅಂದರು.

ಈಗ ಹೇಳುವುದನ್ನು ನನ್ನ ಗಂಡನಿಗೂ ಹೇಳಿಲ್ಲ. ಆ ರಾತ್ರಿ ಹೋಟೆಲ್ ರೂಮಿನಲ್ಲಿ ಟಿವಿ ನೋಡುತ್ತಾ ನನಗೆ ಬೇಜಾರಾಯಿತು. ಪೂರ್ತಿ ಹೋಗಿಬಿಡಲಿ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಹೋಗಿದ್ದರೆ ಇನ್ಶೂರೆನ್ಸ್ ದುಡ್ಡು ತೆಗೆದುಕೊಂಡು ಎದ್ದು ಹೋಗಬಹುದಿತ್ತು. ಈಗ ಅರ್ಧ ಗೋಡೆಯ ಮನೆ, ಅರ್ಧ ದುಡ್ಡು. ಇಂಥದ್ದನ್ನು ಬಯಸಿದೆನಲ್ಲ, ಅದೂ ಅದೇ ಮಿಲ್ಟನ್‌ಗೆ ಜನ ಸತ್ತಿರುವಾಗ.

ಈಗ ಗೋಡೆ ಎದ್ದಿದೆ, ಬಣ್ಣ ಆಗಿದೆ, ನೋಡಿದವರು ಹೊಸ ಮನೆ ಥರ ಇದೆ ಅನ್ನುತ್ತಾರೆ. ನಾನು ಮಾತ್ರ ಚಂಡಮಾರುತದ ಸೀಸನ್ ಶುರುವಾದ ಜೂನ್ 1ರಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಹೋದ ತಿಂಗಳು ಎರಿನ್ ಅಟ್ಲಾಂಟಿಕ್‌ನಲ್ಲೇ ತಿರುಗಿ ಹೋಯಿತು, ನಮ್ಮ ಕಡೆ ಬರಲೇ ಇಲ್ಲ, ಆದರೂ ನಾನು ಒಂದು ವಾರ ಫೋನ್ ಕೈಬಿಡಲಿಲ್ಲ. ಬ್ಯಾಗ್‌ಗಳು ಬಾಗಿಲ ಬಳಿಯೇ ಇವೆ. ಮಗ ಮಳೆ ಬಂದಾಗಲೆಲ್ಲ ಲೆಗೋ ಎಲ್ಲಾ ಸ್ಕೂಲ್ ಬ್ಯಾಗಿಗೆ ತುಂಬಿಕೊಂಡು ಮಂಚದ ಮೇಲೆ ಕೂರುತ್ತಾನೆ. ಇವರು ಮನೆ ಮಾರಿಬಿಡೋಣ ಅನ್ನುತ್ತಾರೆ, ಮಾತು ಅಲ್ಲಿಗೇ ನಿಂತು ಜಗಳ ಆಗುತ್ತದೆ. ಅಮ್ಮ ಫೋನ್ ಮಾಡಿದರೆ ಜೀವ ಉಳಿಯಿತಲ್ಲ ಬಿಡು ಮಗಳೇ ಅನ್ನುತ್ತಾರೆ. ಹೌದು, ಉಳಿಯಿತು. ಅದಾದಮೇಲೆ ನಾನು ಏನು ಹೇಳಲಿ?

ಇನ್ನು ಎರಡು ವಾರಕ್ಕೆ ಮತ್ತೆ ನವರಾತ್ರಿ. ಭಿನ್ನವಾದ, ಅಂದರೆ ಒಡೆದ ಗೊಂಬೆ ಕೂರಿಸಬಾರದು ಅಂತ ನಮ್ಮ ಅತ್ತೆ. ನನಗೆ ಗೊಂಬೆ ಡಬ್ಬ ಮುಟ್ಟೋಕೇ ಆಗುತ್ತಿಲ್ಲ. ಇದೆಲ್ಲ ಎಲ್ಲರಿಗೂ ಆಗುವುದಾ, ನಾನೇ ಜಾಸ್ತಿ ಮಾಡುತ್ತಿದ್ದೇನಾ?


ಹೂಸ್ಟನ್_ಹಳಬ:

ತಂಗಿ, ಜಾಸ್ತಿ ಏನೂ ಮಾಡುತ್ತಿಲ್ಲ ನೀನು. ಇಪ್ಪತ್ತೈದು ವರ್ಷದಿಂದ ಹೂಸ್ಟನ್‌ನಲ್ಲಿದ್ದೇನೆ, ಒಮ್ಮೆ ಓಡಿ ಕೆಟ್ಟವನು, ಇನ್ನೊಮ್ಮೆ ಓಡದೆ ಕೆಟ್ಟವನು.

2005ರಲ್ಲಿ ರೀಟಾ. ಕತ್ರೀನಾ ಆಗಿ ಮೂರು ವಾರ ಆಗಿತ್ತು ಅಷ್ಟೇ, ನ್ಯೂ ಆರ್ಲಿಯನ್ಸ್ ಜನ ಮನೆ ಚಾವಣಿ ಮೇಲೆ ನಿಂತು ಕೈಬೀಸುವುದನ್ನು ಟಿವಿಯಲ್ಲಿ ನೋಡಿದ್ದೆವಲ್ಲ, ಇಡೀ ಹೂಸ್ಟನ್ ಒಂದೇ ಸಲ ಹೊರಟಿತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ. ಪೆಟ್ರೋಲ್ ಉಳಿಸಬೇಕು ಅಂತ ಎಸಿ ಆರಿಸಿ, ಕಿಟಕಿ ತೆಗೆದು, ಸುಡು ಬಿಸಿಲಲ್ಲಿ, ಕೈಗೂಸನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿಕೊಂಡು ಇಪ್ಪತ್ತೆರಡು ಗಂಟೆ ಕೂತಿದ್ದೆವು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಒಂದು ಬಸ್ಸು ಡಲ್ಲಾಸ್ ಹತ್ತಿರ ಹೊತ್ತಿ ಉರಿದು 23 ಜನ ಹೋದರು. ರೀಟಾ ಕೊನೆಗೆ ನಮ್ಮ ಊರಿಗೆ ಬರಲೇ ಇಲ್ಲ, ಲೂಸಿಯಾನಾ ಗಡಿ ಕಡೆ ತಿರುಗಿತು. ಗಾಳಿಗಿಂತ ಹೆಚ್ಚು ಜನ ಸತ್ತದ್ದು ಊರು ಬಿಡುವಾಗಲೇ.

ಅದನ್ನು ನೋಡಿದವನು 2017ರಲ್ಲಿ ಹಾರ್ವೀ ಬಂದಾಗ ಏನು ಮಾಡಿಯಾನು? ಅಧಿಕಾರಿಗಳೂ ಮನೆಯಲ್ಲೇ ಇರಿ ಅಂದರು, ನಾನೂ ಕೂತೆ. ನಾಲ್ಕು ದಿನ ಮಳೆ. ಮೂರನೇ ರಾತ್ರಿ ಎರಡು ಗಂಟೆಗೆ ನೀರು ಬಾಗಿಲ ಸಂದಿಯಿಂದ ಶಬ್ದ ಇಲ್ಲದೆ ಒಳಗೆ ಬಂತು. ಕಾರ್ಪೆಟ್ ಮೇಲೆ ಕಾಲಿಟ್ಟೆ, ತಣ್ಣಗಿತ್ತು. ಈಗಲೂ ಬಾತ್‌ರೂಮಿನಿಂದ ಒದ್ದೆ ಕಾಲಲ್ಲಿ ಬಂದು ಯಾರಾದರೂ ನೆಲ ನೆನೆಸಿದರೆ ಎದೆ ಧಸಕ್ಕೆನ್ನುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಗೊಂಬೆ ಡಬ್ಬ ಯಾಕೆ ಕೆಳಗಿಟ್ಟೆ ಅಂತ ನಿನ್ನನ್ನು ನೀನೇ ತಿನ್ನುತ್ತಿದ್ದೀಯಲ್ಲ, ಅದಕ್ಕೆ. ಭಾನುವಾರ ಗೊತ್ತಿದ್ದದ್ದನ್ನು ಇಟ್ಟುಕೊಂಡು ಭಾನುವಾರದ ಕೆಲಸ ಮಾಡಿದೆ. ಶುಕ್ರವಾರ ಗೊತ್ತಾದದ್ದನ್ನು ಹಿಂದಕ್ಕೆ ತೆಗೆದುಕೊಂಡು ಹೋಗೋಕೆ ಆಗಲ್ಲ. ಹೆಲೀನ್‌ಗೆ ಜಾಸ್ತಿ ಜನ ಸತ್ತದ್ದು ಎಲ್ಲಿ ಹೇಳು? ನಾರ್ತ್ ಕೆರೊಲಿನಾದ ಬೆಟ್ಟದ ಊರುಗಳಲ್ಲಿ, ಸಮುದ್ರವೇ ಕಾಣದ ಕಡೆ. ಮಿಲ್ಟನ್ ದಿನ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿಗೆ ಆರು ಜನ ಹೋದರು, ಅದು ಆಚೆ ಕರಾವಳಿ, ಅಲ್ಲಿಗೆ ಹೋದರೆ ಸೇಫ್ ಅಂತ ನಿಮ್ಮ ಕಡೆಯವರೇ ಎಷ್ಟೋ ಜನ ಯೋಚಿಸಿರಬಹುದು.

ಪೂರ್ತಿ ಹೋಗಲಿ ಅಂತ ಬಯಸಿದ್ದು. ನಾನೂ ಬಯಸಿದ್ದೆ. ಆರು ಇಂಚು ನೀರು ನಿಂತಾಗ, ಆರು ಅಡಿ ಬರಬಾರದಿತ್ತಾ ಅಂತ. ಅದು ಕೇಡು ಬಯಸುವುದಲ್ಲ, ಸುಸ್ತು. ಇನ್ಶೂರೆನ್ಸ್ ಅಡ್ಜಸ್ಟರ್ ಜೊತೆ ಫೋನ್ ಹಿಡಿದು ಕೂತವನಿಗೆ ಮಾತ್ರ ಗೊತ್ತಾಗುವ ಸುಸ್ತು.

ಇನ್ನು ಫೋನ್ ವಿಷಯ. ನಾನು ಮಾಡಿಕೊಂಡ ನಿಯಮ ಒಂದೇ. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು ಪೂರ್ತಿ ಬುಲೆಟಿನ್ ಬಿಡುವುದು ಆರು ಗಂಟೆಗೊಮ್ಮೆ, ನಿಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ನಡುವೆ ಯೂಟ್ಯೂಬ್‌ನವರು ಕೂಗಾಡುವುದೆಲ್ಲ ಅದೇ ಹಿಟ್ಟನ್ನು ಮತ್ತೆ ಮತ್ತೆ ನಾದುವುದು. ನಾನು ಬೆಳಿಗ್ಗೆ ಒಂದು, ಸಂಜೆ ಒಂದು ನೋಡುತ್ತೇನೆ. ಹತ್ತಿರ ಬಂದು ವಾಚ್, ವಾರ್ನಿಂಗ್ ಅಂತ ಎಚ್ಚರಿಕೆ ಹಾಕಿದರೆ ಆಗ ನಿಯಮ ಬೇರೆ. ನಕ್ಷೆಯಲ್ಲಿ ಆ ಬಿಳಿ ಕೋನ್ ಇದೆಯಲ್ಲ, ಅದು ಚಂಡಮಾರುತದ ಕೇಂದ್ರ ಎಲ್ಲಿ ಹೋಗಬಹುದು ಅನ್ನುವುದು ಮಾತ್ರ, ಅದೂ ಮೂರಕ್ಕೆ ಎರಡು ಸಲ ಸರಿ. ಕೋನ್ ಹೊರಗಿದ್ದರೂ ನೀರು ಬರಬಹುದು, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.


ಬೆಳಕಿನ_ಕಡೆಗೆ:

ಸಹೋದರಿ, ಯಾಕಿಷ್ಟು ಚಿಂತೆ. ವಸ್ತುಗಳು ಬರುತ್ತವೆ ಹೋಗುತ್ತವೆ. ಕುಟುಂಬ ಕ್ಷೇಮವಾಗಿದೆ, ಮನೆ ಹೊಸದಾಗಿದೆ. ಕೊಡಗಿನಲ್ಲಿ ಗುಡ್ಡ ಕುಸಿದು ಜನ ತೋಟ, ಮನೆ, ಜೀವ ಎಲ್ಲಾ ಕಳೆದುಕೊಂಡರು, ಅವರ ಮುಂದೆ ನಿಮ್ಮದು ಏನು ಹೇಳಿ. ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿ, ಇರುವುದಕ್ಕೆ ಕೃತಜ್ಞತೆ ಇರಲಿ. ಎಲ್ಲಾ ಸರಿಹೋಗುತ್ತದೆ.


ಹುತ್ತರಿ_ಹುಡುಗಿ:

ಬೆಳಕಿನ ಕಡೆಯವರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತೀರಿ. ಆದರೆ ನಮ್ಮ ಹೆಸರು ಹೇಳಿ ಆ ಅಕ್ಕನ ಬಾಯಿ ಮುಚ್ಚಿಸಬೇಡಿ. ನಾನು ಮಕ್ಕಂದೂರು ಕಡೆಯವಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಬಂದದ್ದು ನಮ್ಮ ಗದ್ದೆಯ ಮೇಲೇ. ಆಗ ನಮಗೂ ಜನ ಹೀಗೇ ಹೇಳುತ್ತಿದ್ದರು, ಜೋಡುಪಾಲದಲ್ಲಿ ಪಾಪ ಮನೆಮಂದಿಯೇ ಹೋದರು, ನೀವೆಲ್ಲ ಬದುಕಿದ್ದೀರಲ್ಲ ಅಂತ. ಯಾವಾಗಲೂ ನಮಗಿಂತ ಜಾಸ್ತಿ ಕಳೆದುಕೊಂಡವರು ಇನ್ನೊಬ್ಬರು ಇದ್ದೇ ಇರುತ್ತಾರೆ. ಹಾಗಂತ ಅಳುವ ಹಕ್ಕಿಗೂ ಕ್ಯೂ ನಿಲ್ಲಬೇಕಾ?

ಅಕ್ಕ, ನಾವು ಮಡಿಕೇರಿಯ ಒಂದು ಕ್ಯಾಂಪ್‌ನಲ್ಲಿ ಇದ್ದೆವು. ಊಟಕ್ಕೆ ಕೊರತೆ ಇರಲಿಲ್ಲ, ಎಲ್ಲೆಲ್ಲಿಂದಲೋ ಅಕ್ಕಿ, ಬೇಳೆ, ಬಿಸ್ಕತ್ತು ಲಾರಿಯಲ್ಲಿ ಬಂದು ಬೀಳುತ್ತಿತ್ತು. ಬಟ್ಟೆ ರಾಶಿ ಬೇರೆ, ಅದರಲ್ಲಿ ಹರಿದ ಚೂಡಿದಾರ, ಗುಂಡಿ ಇಲ್ಲದ ಶರಟು. ಅದನ್ನು ಆರಿಸುತ್ತಾ ನಿಂತ ನಮ್ಮ ಅಮ್ಮನ ಫೋಟೊ ಯಾರೋ ತೆಗೆದರು. ಅಮ್ಮ ಗುಡ್ಡ ಕುಸಿದ ದಿನ ಅಳಲಿಲ್ಲ, ಆ ಫೋಟೊ ವಾಟ್ಸಾಪ್‌ನಲ್ಲಿ ಬಂದ ದಿನ ಅತ್ತರು. ಅಳು ಎಲ್ಲಿ ಬರುತ್ತದೆ ಅಂತ ನಾವು ಹೇಳೋಕೆ ಆಗಲ್ಲ. ನಿಮಗೆ ಗೊಂಬೆ ಡಬ್ಬದ ಹತ್ತಿರ ಬರುತ್ತಿದೆ, ಅಷ್ಟೇ.

ಆ ವರ್ಷ ಹುತ್ತರಿ ಬಂತು. ನಮ್ಮಲ್ಲಿ ಹುತ್ತರಿ ಅಂದರೆ ಸ್ವಂತ ಗದ್ದೆಗೆ ಇಳಿದು ಕದಿರು ಕೊಯ್ದು, ಪೊಲಿ ಪೊಲಿ ಅಂತ ಕೂಗುತ್ತಾ ಮನೆಗೆ ತರಬೇಕು. ಗದ್ದೆ ಎಲ್ಲಿದೆ? ಮೇಲೆ ಇಪ್ಪತ್ತು ಅಡಿ ಮಣ್ಣು. ಮನೆ ಎಲ್ಲಿದೆ? ಬಾಡಿಗೆಯ ಎರಡು ರೂಮು. ಈ ವರ್ಷ ಬೇಡ ಅಂತ ನಾವೆಲ್ಲ ಅಂದೆವು. ಅಜ್ಜ ಒಪ್ಪಲಿಲ್ಲ. ಸಂಬಂಧಿಕರ ಗದ್ದೆಯಿಂದ ಒಂದು ಹಿಡಿ ಕದಿರು ತಂದರು, ಬಾಡಿಗೆ ಮನೆ ಬಾಗಿಲಿಗೇ ಕಟ್ಟಿದರು, ಓನರ್ ಏನು ಅಂದುಕೊಳ್ಳುತ್ತಾರೋ ಅಂತಲೂ ನೋಡಲಿಲ್ಲ. ಶಾಸ್ತ್ರ ತಪ್ಪಾಯಿತಾ ಗೊತ್ತಿಲ್ಲ. ಆ ರಾತ್ರಿ ನಾವು ಮೊದಲನೇ ಸಲ ಗದ್ದೆಯ ಬಗ್ಗೆ ಮಾತಾಡಿದೆವು. ಅಲ್ಲಿಯವರೆಗೆ ಪರಿಹಾರ, ಅರ್ಜಿ, ಆಧಾರ್ ಜೆರಾಕ್ಸ್, ಇಷ್ಟೇ ಮಾತು.

ಮಳೆಯ ಶಬ್ದ ಕೇಳಿದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಏಳು ವರ್ಷ ಆಯಿತು, ಜುಲೈ ಬಂದರೆ ಅಮ್ಮ ಇವತ್ತಿಗೂ ಕುರ್ಚಿಯಲ್ಲೇ ಮಲಗುತ್ತಾರೆ. ಬ್ಯಾಗ್ ರೆಡಿ ಇಟ್ಟುಕೊಳ್ಳುವುದು ಹುಚ್ಚಲ್ಲ, ನಮಗೆಲ್ಲ ಇದೆ. ನಾವು ಮಾಡಿದ್ದು ಏನೆಂದರೆ ಬ್ಯಾಗನ್ನು ಬಾಗಿಲಿನಿಂದ ಕಪಾಟಿನೊಳಗೆ ಇಟ್ಟೆವು. ಇದೆ, ಆದರೆ ಬೆಳಿಗ್ಗೆ ಎದ್ದ ತಕ್ಷಣ ಕಣ್ಣಿಗೆ ಬೀಳಲ್ಲ. ಸಣ್ಣ ವಿಷಯ, ಆದರೂ ಅಮ್ಮನಿಗೆ ಅದು ಒಂದಿಷ್ಟು ಹಗುರ ಮಾಡಿತು.

ಭಿನ್ನದ ಮಾತಿಗೆ ಬಂದರೆ, ನಿಮ್ಮ ಅತ್ತೆಯವರಿಗೆ ಎದುರು ಮಾತಾಡುತ್ತಿಲ್ಲ. ಆದರೆ ನಿಮ್ಮ ರಾಜ ರಾಣಿ ಒಡೆದಿಲ್ಲ, ಬಣ್ಣ ಹೋಗಿದೆ. ಎರಡೂ ಒಂದೇನಾ?


ಲೇಔಟ್_ಆಪ್ತಸಮಾಲೋಚಕಿ:

ನಾನು ಬೆಂಗಳೂರಿನಲ್ಲಿ ಆಪ್ತಸಮಾಲೋಚಕಿ. ಫೋರಂ ನೋಡಿ ರೋಗ ಹೇಳುವ ಕೆಲಸ ಮಾಡಲ್ಲ, ಗೊತ್ತಿರುವುದಷ್ಟು ಹೇಳುತ್ತೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ, ಹೌದು, ಇದು ತುಂಬಾ ಜನರಿಗೆ ಆಗುತ್ತದೆ. ಅದರಲ್ಲೂ ಈ ಹೊತ್ತಿನಲ್ಲಿ. ವಿಪತ್ತು ಆದ ತಕ್ಷಣ ಎಲ್ಲರೂ ಒಂದಾಗಿ ಓಡಾಡುತ್ತಾರೆ, ಊಟ ಹಂಚುತ್ತಾರೆ, ಮನಸ್ಸು ಒಂಥರಾ ಎತ್ತರದಲ್ಲಿರುತ್ತದೆ. ಕೆಲವು ವಾರ ಕಳೆದು ಸಹಾಯದವರು ಹೊರಟುಹೋದ ಮೇಲೆ ಮನಸ್ಸು ಕುಸಿಯುತ್ತದೆ, ಅದು ತಿಂಗಳುಗಟ್ಟಲೆ ಎಳೆಯುತ್ತದೆ. ಆಮೇಲೆ ವರ್ಷ ತುಂಬುವ ದಿನಗಳು ಹತ್ತಿರ ಬಂದಾಗ ಮತ್ತೆ ಒಂದು ಅಲೆ. ನಿಮಗೆ ಸೆಪ್ಟೆಂಬರ್, ಚಂಡಮಾರುತಗಳ ನಡುಕಾಲ, ನವರಾತ್ರಿ, ಮೂರೂ ಒಂದೇ ಹೊತ್ತಿಗೆ ಬರುತ್ತಿವೆ. ಅಷ್ಟು ಆದಮೇಲೆ ನಿದ್ದೆ ಬರುತ್ತಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು.

ಹೆಚ್ಚಿನವರು ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ. ಆದರೆ ನೀವು ಜೂನ್‌ನಿಂದ ನಿದ್ದೆ ಇಲ್ಲ ಅಂದಿರಿ. ಅದು ಮೂರು ತಿಂಗಳು. ಅದನ್ನು ಸುಮ್ನೆ ಬಿಡಬೇಡಿ. ನಿದ್ದೆ ಹೋಗುವುದು, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಆ ಜಾಗ ಆ ವಸ್ತು ಮುಟ್ಟಲಾಗದೆ ಇರುವುದು, ಒಂದು ತಿಂಗಳು ದಾಟಿದರೆ ಯಾರಾದರೂ ತಿಳಿದವರ ಹತ್ತಿರ ಕೂತು ಮಾತಾಡುವುದು ಒಳ್ಳೆಯದು. ಸಂಜೆ ಒಂದು ಪೆಗ್ ಇದ್ದದ್ದು ಮೂರು ಆಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಇದು ನಿಮಗೆ ಅಂತಲ್ಲ, ಓದುವವರಿಗೆಲ್ಲ. ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಅಮೆರಿಕದಲ್ಲಿ 988ಕ್ಕೆ ಫೋನ್ ಮಾಡಿ. ವಿಪತ್ತಿನಿಂದ ನೊಂದವರಿಗೇ ಅಂತ ಅಲ್ಲಿ ಬೇರೆ ಸಹಾಯವಾಣಿಯೂ ಇದೆ, 1-800-985-5990, ದಿನವಿಡೀ ಇರುತ್ತದೆ. ಇಲ್ಲಿ ಭಾರತದಲ್ಲಿರುವವರಿಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಅಮ್ಮ ನಿಮ್ಮ ಬಗ್ಗೆ ಯೋಚಿಸಿ ನಿದ್ದೆಗೆಟ್ಟಿದ್ದರೆ ಅವರಿಗೆ ಈ ನಂಬರ್ ಕೊಡಿ.

ಒಂದು ತಪ್ಪು ಕಲ್ಪನೆ ಇದೆ, ಎಲ್ಲವನ್ನೂ ಕಕ್ಕಿಬಿಟ್ಟರೆ ಸರಿಹೋಗುತ್ತದೆ ಅಂತ. ಹಾಗೇನೂ ಇಲ್ಲ. ಘಟನೆ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಬಲವಂತವಾಗಿ ಬಾಯಿ ಬಿಡಿಸುವುದನ್ನು ಈಗ ಮಾಡಬೇಡಿ ಅಂತಲೇ ಹೇಳುತ್ತಾರೆ. 1999ರ ಒಡಿಶಾ ಚಂಡಮಾರುತ, 2004ರ ಸುನಾಮಿ ಆದಮೇಲೆ ನಮ್ಮ ನಿಮ್ಹಾನ್ಸ್‌ನವರು ಮಾಡಿದ ಕೆಲಸ ನೋಡಿದರೆ, ಡಾಕ್ಟರ್‌ಗಳಿಗಿಂತ ಜಾಸ್ತಿ ಊರಿನವರಿಗೇ ತರಬೇತಿ ಕೊಟ್ಟರು. ಪಕ್ಕದಲ್ಲಿ ಕೂತು ಕೇಳುವವರು ಬೇಕು, ಪಡಿತರ ಎಲ್ಲಿ ಸಿಗುತ್ತದೆ ಅಂತ ಹೇಳುವವರೂ ಬೇಕು. ಎರಡೂ ಮನಸ್ಸಿನ ಔಷಧಿಯೇ.

ಮಗನ ವಿಷಯಕ್ಕೆ ಬರುತ್ತೇನೆ, ನನಗೆ ಅದು ಮುಖ್ಯ. ಲೆಗೋ ಬ್ಯಾಗಿಗೆ ತುಂಬುವುದನ್ನು ನಿಲ್ಲಿಸಬೇಡಿ. ಅವನು ತನ್ನ ಕೈಲಾದ ತಯಾರಿ ಮಾಡುತ್ತಿದ್ದಾನೆ, ನೀವು ಬಾಗಿಲಲ್ಲಿ ಬ್ಯಾಗ್ ಇಟ್ಟ ಹಾಗೇ. ಅವನಿಗೆ ಅಂತಲೇ ಒಂದು ಸಣ್ಣ ಬ್ಯಾಗ್ ಕೊಡಿ, ಅದರಲ್ಲಿ ಏನಿರಬೇಕು ಅಂತ ಅವನೇ ಆರಿಸಲಿ, ಆಮೇಲೆ ಉಳಿದ ಲೆಗೋ ನೆಲದ ಮೇಲೇ ಇರಲಿ. ಚಂಡಮಾರುತ ಇನ್ನು ಬರಲ್ಲ ಅಂತ ಮಾತ್ರ ಮಾತು ಕೊಡಬೇಡಿ, ಬಂದರೆ ನೀವು ಸುಳ್ಳುಗಾರರಾಗುತ್ತೀರಿ. ಬಂದರೆ ನಾವು ಮೂವರೂ ಒಟ್ಟಿಗೆ ಹೋಗುತ್ತೇವೆ, ಎಲ್ಲಿಗೆ ಅಂತ ಈಗಲೇ ಗೊತ್ತಿದೆ, ಇದು ಹೇಳಬಹುದು. ಎಲ್ಲಿಗೆ ಅಂತ ನಿಜವಾಗಿ ಗೊತ್ತು ಮಾಡಿಕೊಂಡು ಹೇಳಿ. ಅವನು ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರೆ, ಸ್ಕೂಲಿಗೆ ಹೋಗಲ್ಲ ಅಂದರೆ, ಅದು ನಾಲ್ಕಾರು ವಾರ ಎಳೆದರೆ, ಅಲ್ಲಿನ ಸ್ಕೂಲ್ ಕೌನ್ಸಿಲರ್ ಹತ್ತಿರ ಮಾತಾಡಿ.

ಮನೆ ಮಾರುವ ಮಾತು ಈಗ ಬೇಡ. ನವೆಂಬರ್ 30ಕ್ಕೆ ಸೀಸನ್ ಮುಗಿಯುತ್ತದಲ್ಲ, ಡಿಸೆಂಬರ್‌ನಲ್ಲಿ ಕೂತು ಮಾತಾಡೋಣ ಅಂತ ಇಬ್ಬರೂ ಒಪ್ಪಿಕೊಳ್ಳಿ. ಇವತ್ತು ನೀವಿಬ್ಬರೂ ಮಾತಾಡುತ್ತಿರುವುದು ಮನೆಯ ಬಗ್ಗೆ ಅಲ್ಲ ಅಂತ ನನ್ನ ಅನುಮಾನ.


ಒರ್ಲಾಂಡೊ_ಅಡುಗೆಮನೆ:

ಮಿಲ್ಟನ್ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಟ್ಯಾಂಪಾ ಕಡೆಯ ಮೂರು ಕುಟುಂಬ ಇದ್ದವು. ಹನ್ನೊಂದು ಜನ, ಎರಡು ಬಾತ್‌ರೂಮು. ಆತಿಥ್ಯ ಕೊಟ್ಟವಳ ಕಡೆಯಿಂದ ಒಂದು ಮಾತು. ಬಂದವರೆಲ್ಲ ಮೂರು ದಿನವೂ ಸಾರಿ ಸಾರಿ ಅನ್ನುತ್ತಲೇ ಇದ್ದರು, ಒಂದು ಲೋಟ ನೀರಿಗೂ ಸಾರಿ. ಒಬ್ಬರು ರಾತ್ರಿ ಎರಡಕ್ಕೆ ಎದ್ದು ನಮ್ಮ ಗ್ಯಾಸ್ ಒಲೆ ಉಜ್ಜುತ್ತಿದ್ದರು, ಬೇಡ ಅಂದರೆ ಕೇಳಲಿಲ್ಲ. ಆಗ ನನಗೆ ಸಂಕೋಚ ಅಂತ ಅನ್ನಿಸಿತ್ತು, ನಿಮ್ಮ ಬರಹ ಓದಿದ ಮೇಲೆ ಬೇರೆ ಅನ್ನಿಸುತ್ತಿದೆ. ಅವರಿಗೆ ತನ್ನದು ಅಂತ ಒಂದು ಒಲೆ ಆ ಹೊತ್ತಿಗೆ ಇರಲಿಲ್ಲವಲ್ಲ.

ಕೆಲಸಕ್ಕೆ ಬರುವ ವಿಷಯ ಒಂದು, ಯಾಕೆಂದರೆ ದುಡ್ಡಿನ ಭಯವೂ ನಿದ್ದೆ ಕೆಡಿಸುತ್ತದೆ. ನಮ್ಮವರಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಫೆಮಾ (ಅಮೆರಿಕ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆ) ನಮಗಲ್ಲ ಅಂತ ಅರ್ಜಿಯನ್ನೇ ಹಾಕಲ್ಲ. ನಗದು ಸಹಾಯ ಸಿಟಿಜನ್‌ಗಳಿಗೆ, ಗ್ರೀನ್ ಕಾರ್ಡ್‌ನವರಿಗೆ, ಇನ್ನು ಕೆಲವರಿಗೆ ಮಾತ್ರ ಅನ್ನುವುದು ನಿಜ. ಆದರೆ ಮಗು ಅಮೆರಿಕದಲ್ಲೇ ಹುಟ್ಟಿದ್ದರೆ ಆ ಮಗುವಿನ ಪರವಾಗಿ ಅಪ್ಪ ಅಮ್ಮ ಅರ್ಜಿ ಹಾಕಬಹುದು. ವಿಪತ್ತಿನ ನಂತರದ ಕೌನ್ಸೆಲಿಂಗ್‌ಗೆ ವೀಸಾ ಯಾರೂ ಕೇಳಲ್ಲ. ಹೆಲೀನ್, ಮಿಲ್ಟನ್ ಅರ್ಜಿಯ ಗಡುವು ಮುಗಿದಿದೆ, ಮುಂದಕ್ಕೆ ನೆನಪಿರಲಿ. ಫ್ಲಡ್ ಇನ್ಶೂರೆನ್ಸ್ ಬೇರೆಯೇ ತೆಗೆದುಕೊಳ್ಳಬೇಕು, ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಅದು ಬರಲ್ಲ. ಸರ್ಕಾರದ ಪಾಲಿಸಿಗೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಹಾಗಾಗಿ ಕೋನ್ ನೋಡಿ ಓಡಿದರೆ ಆಗಲ್ಲ.

ಇನ್ನೊಂದು, ಮುಂದಿನ ಸಲ ಹೊರಡಬೇಕಾದರೆ ಅಟ್ಲಾಂಟಾವರೆಗೆ ಹೋಗಬೇಡಿ. ನೀರಿನಿಂದ ಓಡಿ, ಗಾಳಿಯಿಂದ ಅಡಗಿ ಅಂತ ಇಲ್ಲಿಯವರೇ ಹೇಳುತ್ತಾರೆ. ಹತ್ತಿಪ್ಪತ್ತು ಮೈಲಿ ಒಳಗೆ ಎತ್ತರದ, ಗಟ್ಟಿ ಮನೆ ಇದ್ದರೆ ಎಷ್ಟೋ ಸಲ ಸಾಕು. ನಮ್ಮ ಮನೆ ಇದೆ. ಒಲೆ ಉಜ್ಜಬಾರದು, ಅದೊಂದೇ ಷರತ್ತು.


ಬೆಳಕಿನ_ಕಡೆಗೆ:

ಹುತ್ತರಿ ಹುಡುಗಿಯವರೇ, ನಿಮ್ಮ ಮಾತು ಓದಿದೆ. ನಾನು ಹಾಗೆ ಹೇಳಬಾರದಿತ್ತು. ನಮ್ಮ ತಂದೆ ತೀರಿಕೊಂಡಾಗ ನನಗೂ ಜನ ಹೀಗೇ ಹೇಳಿದ್ದರು, ಆಗ ಸಿಟ್ಟು ಬಂದಿತ್ತು. ಅದೇ ಮಾತು ನನ್ನ ಬಾಯಲ್ಲೂ ಬಂತು ನೋಡಿ.


ಕೊಲ್ಲಿ_ಕಡೆಯವಳು:

ಎಲ್ಲರಿಗೂ ಏನು ಹೇಳಲಿ. ಎರಡು ದಿನ ಉತ್ತರ ಬರೆಯಲಿಲ್ಲ, ಓದುತ್ತಲೇ ಇದ್ದೆ.

ಹೂಸ್ಟನ್ ಅಣ್ಣ, ನೀವು ಆರು ಅಡಿ ಅಂದದ್ದನ್ನು ನಮ್ಮವರಿಗೆ ಓದಿ ಹೇಳಿದೆ, ನನ್ನ ಮಾತನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಇದ್ದು, ನಾನೂ ಅದೇ ಅಂದುಕೊಂಡಿದ್ದೆ ಅಂದರು. ಅದೇ ಹೋಟೆಲ್ ರೂಮಿನಲ್ಲಿ, ಅದೇ ಮಂಚದ ಆ ಕಡೆ ಕೂತು. ಹನ್ನೊಂದು ತಿಂಗಳು ಇಬ್ಬರೂ ಬಚ್ಚಿಟ್ಟುಕೊಂಡು ಮಾರೋಣ, ಬೇಡ, ಮಾರೋಣ, ಬೇಡ ಅಂತ ಜಗಳ ಆಡಿದ್ದೇವೆ. ಡಿಸೆಂಬರ್ ಅಂತ ಒಪ್ಪಿಕೊಂಡಿದ್ದೇವೆ. ಕ್ಯಾಲೆಂಡರ್‌ನಲ್ಲಿ ಬರೆದೂ ಆಯಿತು.

ಮೇಡಂ, ಮುಂದಿನ ಗುರುವಾರಕ್ಕೆ ಒಬ್ಬರ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ವಿಡಿಯೊದಲ್ಲಿ, ಇಂಗ್ಲಿಷಿನಲ್ಲಿ. ಪಟ್ಟದ ಗೊಂಬೆ ಅಂದರೆ ಏನು ಅಂತ ಅವರಿಗೆ ಮೊದಲು ಅರ್ಥ ಮಾಡಿಸಬೇಕು, ಅದಕ್ಕೇ ಅರ್ಧ ಗಂಟೆ ಹೋಗುತ್ತದೇನೋ. ಮಗನಿಗೆ ಬ್ಯಾಗ್ ಕೊಟ್ಟೆ. ಅದರಲ್ಲಿ ಅವನು ಇಟ್ಟದ್ದು ಒಂದು ಟಾರ್ಚು, ಒಂದು ಹಸಿರು ಡೈನೋಸಾರ್, ಒಂದು ಮ್ಯಾಗಿ ಪ್ಯಾಕೆಟ್. ಉಳಿದ ಲೆಗೋ ಈಗ ನನ್ನ ಕಾಲಿಗೆ ಚುಚ್ಚುತ್ತಿದೆ. ಹೊರಡಬೇಕಾದರೆ ಎಲ್ಲಿಗೆ ಅಂತ ಕೇಳಿದ. ಒರ್ಲಾಂಡೊ ಆಂಟಿ ಮನೆಗೆ ಅಂದೆ. ನಿಮ್ಮನ್ನು ಕೇಳದೆ ಹೇಳಿಬಿಟ್ಟೆ, ಸಾರಿ. (ಒಲೆ ಉಜ್ಜಲ್ಲ.)

ಹುತ್ತರಿ ಹುಡುಗಿ, ನಿನ್ನೆ ರಾತ್ರಿ ಡಬ್ಬ ತೆಗೆದೆ. ಅತ್ತೆಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ನಿಮ್ಮ ಪ್ರಶ್ನೆಯನ್ನೇ ಕೇಳಿದೆ, ಬಣ್ಣ ಹೋದದ್ದೂ ಒಡೆದದ್ದೂ ಒಂದೇನಾ ಅಂತ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಕೊನೆಗೆ ರಾಣಿಗೆ ಒಂದು ಹೊಸ ಸೀರೆ ಉಡಿಸು, ರಾಜನ ಮುಖ ಕಾಣದ ಕಡೆಗೆ ಪೇಟ ಸ್ವಲ್ಪ ಇಳಿಸಿ ಕಟ್ಟು, ಮುಂದಿನ ಸಲ ಬರುವಾಗ ತೆಗೆದುಕೊಂಡು ಬಾ, ಇಲ್ಲಿ ಬಣ್ಣ ಹಾಕಿಸೋಣ ಅಂದರು. ಆಮೇಲೆ ಅವರೂ ಅತ್ತರು.

ಒಂದೇ ತೊಂದರೆ. ನಮ್ಮ ಗೊಂಬೆ ಮೆಟ್ಟಿಲು ಪ್ಲೈವುಡ್‌ನದು, ಅದು ಹೋದ ವರ್ಷವೇ ರಸ್ತೆ ಬದಿಯ ರಾಶಿಗೆ ಹೋಯಿತು. ಟ್ಯಾಂಪಾ, ಸೇಂಟ್ ಪೀಟ್, ಬ್ರಾಂಡನ್ ಕಡೆ ಯಾರ ಹತ್ತಿರವಾದರೂ ಹೆಚ್ಚಿಗೆ ಇದ್ದರೆ ಹೇಳಿ. ಮೂರು ಮೆಟ್ಟಿಲಾದರೂ ಸಾಕು. ಕೂರಿಸೋಕೆ ಇರುವುದು ಇಬ್ಬರೇ.


ಒರ್ಲಾಂಡೊ_ಅಡುಗೆಮನೆ:

ನಮ್ಮದು ಐದು ಮೆಟ್ಟಿಲಿನದು ಒಂದು ಗ್ಯಾರೇಜ್‌ನಲ್ಲಿ ಸುಮ್ಮನೆ ಬಿದ್ದಿದೆ. ಭಾನುವಾರ ಟ್ಯಾಂಪಾಗೆ ಬರುವ ಕೆಲಸ ಇದೆ, ತರುತ್ತೇನೆ. ಜೊತೆಗೆ ಒಂದು ಶೆಟ್ಟಿ ಶೆಟ್ಟಮ್ಮನ ಜೋಡಿಯೂ ಇದೆ, ತರಲಾ?